ಗೋಡೆ ಹಿಡಿದು ಹೊರಟವನು

ಅಂದು ನಾನು ಹೇಳಿದ್ದಕ್ಕಿಂತ ಎಷ್ಟು ಹೊತ್ತು ಹೆಚ್ಚು ಅತ್ತೆಯನ್ನು ಕಾಯಿಸಿದೆ ಎಂಬುದು ಖಚಿತವಿಲ್ಲ. ಇಪ್ಪತ್ತು ನಿಮಿಷ ಎಂದು ನನ್ನ ನೆನಪು; ಎರಡು ಗಂಟೆ ಎಂದು ಹೆಂಡತಿ ಸುಧಾಳದು. ನನ್ನ ನೆನಪನ್ನು ನಾನೇ ಆಮೇಲೆ ಕಟ್ಟಿಕೊಂಡಿರಬಹುದು.

ಡಾಟ್‌ಕಾಮ್ ಜ್ವರದ ಕಾಲ. ಅಮೆರಿಕದ ಫ್ರೀಮಾಂಟಿನಲ್ಲಿ ನಮ್ಮೊಂದಿಗಿದ್ದ ಅತ್ತೆಯನ್ನು ಮೈಸೂರಿಗೆ ಬಿಡಲು ಹೊರಟವರು, ದಾರಿಯಲ್ಲಿ ನಾಲ್ಕು ದಿನ ಮೊರಾಕ್ಕೊದಲ್ಲಿ ಇಳಿದೆವು. ಒಂದು ದಿನ ವ್ಯಾನಿನಲ್ಲಿ ಬೆಟ್ಟ ದಾಟಿ ಮರುಭೂಮಿಯ ಅಂಚಿನ ಮಣ್ಣಿನ ಕೋಟೆಗಳಿಗೆ ಹೋದೆವು. ಗೈಡು ಹೇಳಿದ ಪ್ರತಿ ಮಾತಿಗೂ ನಾನು ಆಧಾರ ಕೇಳಿದೆ. ಅವನು ಪಾಪ, ನಗುತ್ತಿದ್ದ.

"ಅವ್ರು ಇಲ್ಲೇ ಹುಟ್ಟಿದೋರಂತಲ್ಲ, ಅವ್ರಿಗೆ ಗೊತ್ತಿರಲ್ವಾ?" ಎಂದರು ಅತ್ತೆ.

ಕೊನೆಯ ಕೋಟೆಯೊಳಗೆ ಒಂದು ಊರೇ ಇತ್ತು. ಮಂಡಿ ನೋವಿನ ಅತ್ತೆ ಬಾಗಿಲಲ್ಲೇ ಉಳಿದರು. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಅವರ ಪಾಸ್‌ಪೋರ್ಟು ನನ್ನ ಜೇಬಿನಲ್ಲಿ. ಅರ್ಧ ಗಂಟೆಯಲ್ಲಿ ಬರುತ್ತೇನೆಂದು ಮಾತು ಕೊಟ್ಟೆ.

ಕೋಟೆಯ ಮೇಲಿನವರೆಗೆ ಹತ್ತಿ ಇಳಿಯುವಾಗ ಗೈಡು ಎಡಕ್ಕೆ ತಿರುಗಿದ. ಅದು ಸುತ್ತುದಾರಿ ಎಂದು ನಾನು ತೀರ್ಮಾನಿಸಿದೆ. ಗೋಡೆಯಿಂದ ಬಲಗೈ ತೆಗೆಯದೆ ನಡೆದರೆ ಎಂಥ ಗೋಜಲಿನಿಂದಲೂ ಹೊರಬರಬಹುದು ಎಂಬುದು ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಕಲಿತ ಸೂತ್ರ. ಅವನನ್ನು ಬಿಟ್ಟು ಗೋಡೆ ಸವರುತ್ತಾ ಹೊರಟೆ. ನನ್ನ ಟೀ ಶರ್ಟಿನ ಮೇಲಿದ್ದ ವಿಶ್ವವಿದ್ಯಾಲಯದ ಹೆಸರನ್ನು ನಂಬಿ ನಮ್ಮದೇ ವ್ಯಾನಿನ, ಹೆಂಡತಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದ ಕೆನಡಾದವನೊಬ್ಬ ತಾನೂ ಗೋಡೆ ಸವರುತ್ತಾ ಹಿಂಬಾಲಿಸಿದ. ಅವನ ಹಿಂದೆ ಸುಧಾ, ಕೈಕಟ್ಟಿಕೊಂಡು.

ಗೋಡೆ ನೇರವಾಗಿ ಒಬ್ಬರ ಅಡುಗೆಮನೆಗೆ ಹೋಯಿತು. ರೊಟ್ಟಿ ತಟ್ಟುತ್ತಿದ್ದ ಅಜ್ಜಿ ನಮ್ಮನ್ನು ನೋಡಿದಳು. ಸೂತ್ರಕ್ಕೆ ನಿಷ್ಠನಾಗಿ ಅವಳ ಒಲೆಯನ್ನೂ ಸುತ್ತಿ ಹೊರಬಂದೆ!

"ಸಾಕು ಕಣ್ರೀ. ಅಮ್ಮ ಕಾಯ್ತಿದಾರೆ," ಎಂದಳು ಸುಧಾ.

ಸೂತ್ರ ಸುಳ್ಳಾಗಲಿಲ್ಲ. ನಾವು ಕೋಟೆಯಿಂದ ಹೊರಬಂದೆವು, ಹಿಂಬದಿಯಿಂದ. ಒಣಹೊಳೆಯ ಕಲ್ಲುಗಳ ಮೇಲೆ ಏಳುತ್ತಾ ಬೀಳುತ್ತಾ ಸುತ್ತಿ ಬಂದಾಗ ಅತ್ತೆ ನಕ್ಕರು. "ನಾನು ಆರಾಮಾಗಿ ಕೂತಿದ್ದೆ. ನೀವ್ಯಾಕೆ ಓಡಿ ಬಂದ್ರಿ?"

ಆ ಒಂದು ಮಾತಿನ ಬಲದ ಮೇಲೆ ನಾನು ತಿಂಗಳುಗಟ್ಟಲೆ ಸುಧಾಳೊಡನೆ ವಾದಿಸಿದೆ. ಕೊನೆಗೆ ಸಾಕ್ಷಿಗಾಗಿ, ಅಂದು ಅತ್ತೆಯ ಬಳಿ ಉಳಿದಿದ್ದ ಆ ಕೆನಡಾದವನ ಹೆಂಡತಿಗೆ ಈಮೇಲ್ ಬರೆದೆ. ಆಕೆ ಗಡಿಯಾರ ನೋಡಿರಲಿಲ್ಲ. ಆದರೆ ಯಾರೋ ಮೂರು ಸಲ ಕುರ್ಚಿ ತಂದಿಟ್ಟರೂ ಅತ್ತೆ ಕೂರಲಿಲ್ಲವೆಂದು ಬರೆದಿದ್ದಳು.

ನಾನು ಅದನ್ನೂ ನಂಬಲಿಲ್ಲ. ಮೈಸೂರಿಗೆ ಫೋನು ಮಾಡಿ ಅತ್ತೆಯನ್ನೇ ಕೇಳಿದೆ.

"ಹೌದು, ನಿಂತೇ ಇದ್ದೆ. ಕೂತ್ರೆ ನೀವು ಬರೋ ದಾರಿ ಕಾಣ್ತಿರ್ಲಿಲ್ಲ."