ಏಡಿಯ ಅಪ್ಪ ಯಾರು?

ಅಧ್ಯಕ್ಷರ ಕೆಂಪು ಪೆನ್ಸಿಲು ಆ ಒಂದು ಗೆರೆ ಎಳೆಯದೇ ಇದ್ದಿದ್ದರೆ ಇನುಕೈ ಆ ದಿನ ಮಧ್ಯಾಹ್ನ ನೆಮ್ಮದಿಯಾಗಿ ಒಂದು ಬಟ್ಟಲು ಉದೋನ್ ಶಾವಿಗೆ ಉಂಡು, ಕತ್ತಲಾಗುವ ಮೊದಲೇ ಮನೆ ಸೇರುತ್ತಿದ್ದ.

ಒಸಾಕಾದ ಮಿನಾಸೆ ಆಟಯಂತ್ರ ಕಂಪನಿಗೆ ಶನಿವಾರ ನಲವತ್ತು ವರ್ಷ ತುಂಬುವುದಿತ್ತು. ಕಂಪನಿ ಎಂದ ಮೇಲೆ ಅದಕ್ಕೊಂದು ಚರಿತ್ರೆಯ ಪುಸ್ತಕ ಇರಬೇಕು, ಗಟ್ಟಿ ರಟ್ಟು ಇರಬೇಕು, ಅದನ್ನು ಯಾರೂ ಓದಬಾರದು. ಇದು ಪದ್ಧತಿ. ಬರೆಯುವ ಕೆಲಸ ಆಡಳಿತ ವಿಭಾಗದ ಇನುಕೈ ಸೊಹೆಯಿಯ ಕೊರಳಿಗೆ ಬಿದ್ದಿತ್ತು. ಒಂದೂವರೆ ವರ್ಷ ಧೂಳು ಕುಡಿದು ಅವನು ಬರೆದಿದ್ದ. ದೊಡ್ಡ ಅಂಗಡಿಯ ತಾರಸಿಯಲ್ಲಿ ಮಕ್ಕಳನ್ನು ತೂಗುತ್ತಿದ್ದ ಮರದ ಆನೆಯಿಂದ ಶುರುಮಾಡಿ, 1979ರಲ್ಲಿ ದೇಶದ ಕಾಫಿ ಅಂಗಡಿಗಳ ಮೇಜು ಮೇಜಿಗೂ ನುಗ್ಗಿದ, ಗಾಜಿನಡಿಯ ಪರದೆಯಲ್ಲಿ ಏಡಿಗೆ ರಸ್ತೆ ದಾಟಿಸುವ ‘ಏಡಿ ದಾಟು’ ಆಟವನ್ನು ಹಾದು, ಮೊನ್ನೆ ಮೊನ್ನೆಯವರೆಗೆ ತಂದು ನಿಲ್ಲಿಸಿದ್ದ. ಸಂಜೆ ಐದಕ್ಕೆ ಮುದ್ರಣಾಲಯದವನು ಬಂದು ಕರಡು ಒಯ್ಯುವುದೊಂದು ಬಾಕಿ.

ಬೆಳಿಗ್ಗೆ ಒಂಬತ್ತಕ್ಕೆ ಕರಡು ಅಧ್ಯಕ್ಷರ ಕೋಣೆಯಿಂದ ಹಿಂದಕ್ಕೆ ಬಂತು. ‘ಏಡಿ ದಾಟು ಆಟವನ್ನು ನಮ್ಮ ಸಿಬ್ಬಂದಿ ರೂಪಿಸಿದರು’ ಎಂಬ ಸಾಲಿನ ಕೆಳಗೆ ಗೆರೆ. ಪಕ್ಕದಲ್ಲಿ ಒಂದೇ ಪದ: ‘ಯಾರು?’

“ಎಂಬತ್ತೊಂದನೇ ವಯಸ್ಸಿಗೆ ಅಧ್ಯಕ್ಷರಿಗೆ ಕೃತಜ್ಞತೆ ಹುಟ್ಟಿದೆ ಕಣಯ್ಯಾ,” ಎಂದ ವಿಭಾಗದ ಮುಖ್ಯಸ್ಥ ಕುರಾಮೊಚಿ. “ಆಟ ಮಾಡಿದವನನ್ನ ಶನಿವಾರ ವೇದಿಕೆ ಮೇಲೆ ಕೂರಿಸ್ತಾರಂತೆ. ಬದುಕಿರೋವರೆಗೂ ಕಂಪನಿ ಸಲಹೆಗಾರ ಅಂತೆ. ಐದು ಗಂಟೆಯೊಳಗೆ ಹೆಸರು ಬೇಕು.”

“ಸಿಗದಿದ್ರೆ ಸಾರ್?”

“ವಕ್ಕನೈ ಗೋದಾಮಿಗೆ ಒಬ್ಬರು ಬೇಕು ಅಂತ ಪತ್ರ ಬಂದಿದೆ.”

ವಕ್ಕನೈ ಎಂದರೆ ದೇಶದ ಉತ್ತರದ ತುತ್ತತುದಿ. ಅಲ್ಲಿಂದಾಚೆ ಸಮುದ್ರ, ಸಮುದ್ರದಾಚೆ ರಷ್ಯಾ. ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು: “ಹೋಗೋದಾದ್ರೆ ನೀವೊಬ್ಬರೇ ಹೋಗಿ. ನಾನೂ ಮಗಳೂ ಹೊಸ ವರ್ಷಕ್ಕೆ ಕಾರ್ಡು ಹಾಕ್ತೀವಿ.”

ಇನುಕೈ ಹಳೆಯ ಕಡತ ತೆಗೆದ. ಆಟ ಮಾಡಿದವರ ಪಟ್ಟಿಯಲ್ಲಿ ಮೂರು ಹೆಸರಿದ್ದವು: ಮೂಲಂಗಿ ಉಪ್ಪಿನಕಾಯಿ, ಎಡಗಾಲ ಚಪ್ಪಲಿ, ಮೂರನೇ ಬಕೆಟ್. ಆ ಕಾಲದಲ್ಲಿ ಎಲ್ಲ ಕಂಪನಿಗಳೂ ಹೀಗೆಯೇ ಅಡ್ಡಹೆಸರು ಹಾಕುತ್ತಿದ್ದವು. ಜಾಣರ ಹೆಸರು ಹೊರಗೆ ಗೊತ್ತಾದರೆ ಎದುರಾಳಿಗಳು ಹೆಚ್ಚಿನ ಸಂಬಳದ ಆಸೆ ತೋರಿಸಿ ಹಾರಿಸಿಕೊಂಡು ಹೋಗುತ್ತಿದ್ದರು. ನಿಜವಾದ ಹೆಸರು ಬಾಯಿಬಿಟ್ಟವನಿಗೆ ಅಂದೇ ಕೆಲಸದ ಕೊನೆಯ ದಿನ ಎಂದು ಅಪ್ಪಣೆ ಮಾಡಿದವರು ಇದೇ ಅಧ್ಯಕ್ಷರು. ಅಪ್ಪಣೆ ಹಿಂದಕ್ಕೆ ಪಡೆಯಲು ಮರೆತವರೂ ಅವರೇ.

ದುರಸ್ತಿ ಕೋಣೆಯ ಉಗಾಕಿ ಮರದ ಆನೆಯ ಕಾಲದಿಂದ ಇದ್ದ ಮುದುಕ. ಬೆಸುಗೆ ಹಾಕುತ್ತಿದ್ದ ಕೈ ಇನುಕೈಯ ಪ್ರಶ್ನೆ ಕೇಳಿ ಗಾಳಿಯಲ್ಲೇ ನಿಂತಿತು.

“ನಾನಲ್ಲಪ್ಪ. ನನಗೆ ಗೊತ್ತೂ ಇಲ್ಲ.”

“ಉಗಾಕಿ ಅವರೇ, ಈಗ ಹೇಳಿದ್ರೆ ಶಿಕ್ಷೆ ಇಲ್ಲ, ಸನ್ಮಾನ.”

“ಮೊದಲೂ ಹಾಗೇ ಅಂತಿದ್ರು. ‘ನಮ್ಮ ಸಿಬ್ಬಂದಿ’ ಅಂತಲೇ ಇರಲಿ ಬಿಡು ಮಗಾ. ಎಷ್ಟು ಒಳ್ಳೆ ಮಾತು, ಯಾರಿಗೂ ನೋವಾಗಲ್ಲ.”

ಹನ್ನೊಂದರವರೆಗೆ ಕೇಳಿದವರೆಲ್ಲ ಹೀಗೆಯೇ ಜಾರಿಕೊಂಡರು. ಆಮೇಲೆ ಕುರಾಮೊಚಿ ಊಟದ ಕೋಣೆಯಲ್ಲಿ ಸಲಹೆಗಾರನ ಪದವಿಯ ವಿಷಯ ಬಾಯಿಬಿಟ್ಟ. ಬೆಲ್ಲಕ್ಕೆ ಇರುವೆ ಬಂದ ಹಾಗೆ ಹಳಬರೆಲ್ಲ ಇನುಕೈಯ ಮೇಜು ಮುತ್ತಿದರು. ಮಧ್ಯಾಹ್ನ ಎರಡಕ್ಕೆ ಏಡಿಗೆ ಹನ್ನೊಂದು ಜನ ಅಪ್ಪಂದಿರಿದ್ದರು.

“ಅದು ಮೊದಲು ಕಪ್ಪೆ ಆಗಿತ್ತು. ಕಾಲು ಸೇರಿಸಿದ್ದು ನಾನು,” ಎಂದರು ಮಾರಾಟ ವಿಭಾಗದವರೊಬ್ಬರು.

“ಕಪ್ಪೆಯಂತೆ ಕಪ್ಪೆ! ಅದು ನಮ್ಮತ್ತೆ. ಅಡ್ಡಡ್ಡ ನಡೀತಿದ್ರು, ನೋಡಿ ಬರೆದೆ,” ಎಂದರು ಇನ್ನೊಬ್ಬರು.

ಐದು ಜನ ತಾವೇ ಮೂಲಂಗಿ ಉಪ್ಪಿನಕಾಯಿ ಎಂದರು. ಮೂರನೇ ಬಕೆಟ್ ತಾನೆಂದು ಒಪ್ಪಿಕೊಳ್ಳಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಎಲ್ಲರ ಮಾತನ್ನೂ ಬರೆದುಕೊಂಡ ಇನುಕೈಗೆ ತಾನು ಯಾರನ್ನು ಹುಡುಕುತ್ತಿದ್ದೇನೆ, ಕಪ್ಪೆಯನ್ನೋ ಅತ್ತೆಯನ್ನೋ ಎಂಬುದೇ ಕಲಸಿಹೋಯಿತು.

ಕೊನೆಗೆ ಒಂದು ಉಪಾಯ ಹೊಳೆಯಿತು. ಮಾಡಿದವನಿಗೆ ಆಡಲು ಬರಲೇಬೇಕಲ್ಲ. ಸಮಾರಂಭಕ್ಕೆಂದು ಮುಂಬಾಗಿಲ ಹಜಾರದಲ್ಲಿ ಒರೆಸಿಟ್ಟಿದ್ದ ಹಳೆಯ ಯಂತ್ರದ ಮುಂದೆ ಹನ್ನೊಂದು ಮಂದಿಯನ್ನೂ ಸಾಲಾಗಿ ನಿಲ್ಲಿಸಿದ. ಒಬ್ಬೊಬ್ಬರ ಏಡಿಯೂ ಎರಡನೇ ಹಂತದಲ್ಲೇ ಲಾರಿಯ ಕೆಳಗೆ ಬಿದ್ದು ಸತ್ತಿತು.

“ಸನ್ನೆಕೋಲು ತುಕ್ಕು ಹಿಡಿದಿದೆ,” ಎಂದರು ಅತ್ತೆಯ ಕತೆ ಹೇಳಿದವರು.

“ನಿಮ್ಮ ಕೈ ತುಕ್ಕು ಹಿಡಿದಿದೆ.” ಹಾಗಂದವಳು ಊಟದ ಕೋಣೆಯ ಅಡುಗೆಯವಳು ಯೊನೆಕೊ. ಖಾಲಿ ಟೀ ಲೋಟ ಎತ್ತಲು ಬಂದಿದ್ದಳು. “ಯಾರು ಮಾಡಿದ್ದು ಅಂತ ಇಷ್ಟೆಲ್ಲ ಯಾಕೆ ಒದ್ದಾಡ್ತೀರಿ? ಅದು ಆಟದೊಳಗೇ ಬರೆದಿದೆಯಲ್ಲ.”

ಹನ್ನೊಂದು ತಲೆಗಳೂ ಅವಳತ್ತ ತಿರುಗಿದವು.

“ಆಗ ನಾನು ಸಾಕಾಯಿ ಊರಲ್ಲಿ ಕಾಫಿ ಅಂಗಡಿ ಇಟ್ಟಿದ್ದೆ. ಒಬ್ಬ ಗಿರಾಕಿ ಐದನೇ ಹಂತದಲ್ಲಿ ಹಾಗೇ ನಿದ್ದೆಹೋದ. ಏಡಿ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆ ತುಂಬ ಅಕ್ಷರ ಬಂತು. ಓದೋಣ ಅನ್ನೋಷ್ಟರಲ್ಲಿ ಅವನ ತಲೆ ಮೇಜಿನ ಗಾಜಿನ ಮೇಲೆ ಬಿತ್ತು.”

ನೂರು ಯೆನ್ ಹಾಕಿದವರು ಯಾರಾದರೂ ಸುಮ್ಮನೆ ಕೂರುತ್ತಾರೆಯೇ? ಇಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದಿದ್ದುದು ಅದಕ್ಕೇ ಇರಬೇಕು ಎಂದುಕೊಂಡ ಇನುಕೈ. ಅಧ್ಯಕ್ಷರಿಗೆ ಹೇಳಿಕಳಿಸಿದ. ಉಗಾಕಿ ಮಾತ್ರ ಅವನ ತೋಳು ಹಿಡಿದು, “ಬೇಡ ಮಗಾ, ಯಂತ್ರ ಹಳೇದು, ಸುಟ್ಟುಹೋಗುತ್ತೆ,” ಎಂದ. ವಕ್ಕನೈಯ ಹಿಮ ಕಣ್ಣಮುಂದಿದ್ದ ಇನುಕೈ ಕೇಳಲಿಲ್ಲ.

ಯೊನೆಕೊ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಕುಳಿತು, ಮಾತಾಡುತ್ತಲೇ ಏಡಿಯನ್ನು ಐದನೇ ಹಂತಕ್ಕೆ ದಾಟಿಸಿ, ಕೈ ಕಟ್ಟಿಕೊಂಡಳು. ಊರುಗೋಲು ಊರಿಕೊಂಡು ಬಂದ ಅಧ್ಯಕ್ಷರಿಗೆ ಕುರ್ಚಿ ಹಾಕಿದರು. ಮೂವತ್ತು ಜನ ದೊಡ್ಡವರು, ಕೋಟು ಟೈ ಧರಿಸಿದವರು, ಏನೂ ಮಾಡದೆ ನಿಂತ ಒಂದು ಏಡಿಯನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಐದಕ್ಕೆ ಹತ್ತು ನಿಮಿಷ ಇತ್ತು. ಕರಡಿಗಾಗಿ ಬಂದ ಮುದ್ರಣಾಲಯದವನೂ ಟೋಪಿ ತೆಗೆದು ನಿಂತ.

ಪರದೆ ಮಿನುಗಿತು. ಅಕ್ಷರಗಳು ಒಂದೊಂದಾಗಿ ಮೂಡಿದವು.

‘ಈ ಆಟ ಮಾಡಿದವರು ಕೋಬೆಯ ಹಮಾಜಿ ಯಂತ್ರಶಾಲೆ. ನೀವಿದನ್ನು ಬೇರೆಯವರ ಯಂತ್ರದಲ್ಲಿ ಓದುತ್ತಿದ್ದರೆ, ಅವರು ಕದ್ದಿದ್ದಾರೆ. ಆರೋಗ್ಯ ನೋಡಿಕೊಳ್ಳಿ.’

ಅಧ್ಯಕ್ಷರು ಎರಡು ಸಲ ಓದಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು, “ಇದು ಯಾರ ಕೆಲಸ?”

ಹನ್ನೊಂದು ಅಪ್ಪಂದಿರು ಗಾಳಿಗೆ ಹೊಟ್ಟು ಹಾರಿದ ಹಾಗೆ ಮಾಯವಾದರು. ಒಬ್ಬರಿಗೆ ಫೋನು ಬಂದಿತ್ತು, ಒಬ್ಬರಿಗೆ ಹೊಟ್ಟೆ ಸರಿಯಿರಲಿಲ್ಲ, ಅತ್ತೆಯ ಕತೆಯವರಿಗೆ ಅತ್ತೆಯ ನೆನಪಾಯಿತು. ಉಗಾಕಿ ಬಗ್ಗಿ ಯಂತ್ರದ ಕಾಲು ಒರೆಸತೊಡಗಿದ.

“ಹಮಾಜಿಯವರನ್ನ ಶನಿವಾರಕ್ಕೆ ಕರೆದಾಗಿದೆ,” ಎಂದ ಕುರಾಮೊಚಿ, ಬೆವರು ಒರೆಸಿಕೊಳ್ಳುತ್ತ. “ಅವರ ಕಿವಿಗೆ ಬೀಳೋ ಮೊದಲು ನಾವೇ ಸಿಹಿ ಪೊಟ್ಟಣ ಹಿಡ್ಕೊಂಡು ಹೋಗಿ ತಲೆ ಬಗ್ಗಿಸಬೇಕು ಅಧ್ಯಕ್ಷರೇ. ಅದಕ್ಕೆ ಹೊಣೆ ಹೊತ್ತವರು ಅಂತ ಒಬ್ಬರು ಬೇಕು. ಪುಸ್ತಕದಲ್ಲೂ ಅವರ ಹೆಸರೇ ಇದ್ದರೆ ಲೆಕ್ಕ ಸರಿಹೋಗುತ್ತೆ.”

ಅಧ್ಯಕ್ಷರು ಹಜಾರವನ್ನೊಮ್ಮೆ ನೋಡಿದರು. ಯೊನೆಕೊ ಲೋಟ ಎತ್ತಿಕೊಂಡು ಹೋಗಿದ್ದಳು. ಕರಡು ಎದೆಗವಚಿಕೊಂಡು ಒಬ್ಬನೇ ನಿಂತಿದ್ದ ಇನುಕೈ.

“ಇವರ ಹೆಸರು ಹಾಕಿ,” ಎಂದರು. “ವಕ್ಕನೈಗೆ ಬೇಡ. ಹಮಾಜಿಯವರು ಕರೆದಾಗಲೆಲ್ಲ ಹೋಗೋದಕ್ಕೆ ಹತ್ತಿರದಲ್ಲೇ ಇರಲಿ.”

“ಅಧ್ಯಕ್ಷರೇ,” ಎಂದ ಇನುಕೈ. “ಆ ಆಟ ಬಂದ ವರ್ಷ ನಾನು ಐದನೇ ಕ್ಲಾಸಿನಲ್ಲಿದ್ದೆ.”

ಕುರಾಮೊಚಿಯ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಕಳೆ ಬಂತು. ಅವನು ಇನುಕೈಯ ಬೆನ್ನು ತಟ್ಟಿದ.

“ಇದನ್ನ ಮೊದಲೇ ಹೇಳಬಾರದೇನಯ್ಯಾ? ಚಿಕ್ಕ ಹುಡುಗ, ತಿಳೀದೆ ಮಾಡಿದ ಅಂದ್ರೆ ಅವರು ಎಷ್ಟೋ ಬೇಗ ಕ್ಷಮಿಸ್ತಾರೆ.”