ಮಾವನ ಕಂಪ್ಯೂಟರಿಗೆ ಏಳೂವರೆ ಶನಿ

ಮನೆಯ ಯಂತ್ರ ಕೆಟ್ಟರೆ ಲೋಕದ ಜನ ಏನು ಮಾಡುತ್ತಾರೆ? ರಿಪೇರಿಯವನನ್ನು ಕರೆಯುತ್ತಾರೆ. ಹೊಳೆನರಸೀಪುರದ ನಮ್ಮ ಸೋದರಮಾವ ಹಾಗಲ್ಲ, ಅದರ ಜಾತಕ ಬರೆಯುತ್ತಾರೆ! ಒಮ್ಮೆ ಗ್ರೈಂಡರ್ ನಿಂತುಹೋದಾಗ, ಅದನ್ನು ಕೊಂಡ ದಿನ, ಗಳಿಗೆ ಎಲ್ಲವನ್ನೂ ಅತ್ತೆಯಿಂದ ಕೇಳಿ ತಿಳಿದು, ಲೆಕ್ಕ ಹಾಕಿ, “ಇದಕ್ಕೆ ಕುಜ ನೀಚನಾಗಿದಾನೆ. ಯುಗಾದಿ ಕಳೀಲಿ, ತಾನಾಗೇ ತಿರುಗುತ್ತೆ” ಎಂದಿದ್ದರು. ಅತ್ತೆ ಯುಗಾದಿಯವರೆಗೆ ಒರಳಿನಲ್ಲಿ ರುಬ್ಬಿದರು. ಆಮೇಲೆ ಮಾವ ಊರಲ್ಲಿಲ್ಲದ ದಿನ ನೋಡಿ ರಿಪೇರಿ ಮಾಡಿಸಿದರು. ಮಾವ ಬಂದು, ಅದು ತಿರುಗುವುದನ್ನು ಕಂಡು, “ನಾನು ಹೇಳ್ಲಿಲ್ವೇ” ಎಂದರು. ಅತ್ತೆ ಹೌದೆಂದು ಹೇಳಿ ದೋಸೆಗೆ ಅಕ್ಕಿ ನೆನೆಹಾಕಿದರು. ಸಂಸಾರ ಮಾಡುವವರಿಗೆ ಇಂಥ ಬುದ್ಧಿ ಇರಬೇಕು.

ಮಾವನ ಕಸುಬು ಪೌರೋಹಿತ್ಯ. ಅದರಲ್ಲೂ ಹೆಣ್ಣು ಗಂಡುಗಳ ಜಾತಕ ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. ತಾತನ ಕಾಲದಿಂದ ಆ ಮನೆಯಲ್ಲೊಂದು ಪದ್ಧತಿಯಿತ್ತು. ಮದುವೆಗೆಂದು ಹೆಣ್ಣಿನ ಜಾತಕವನ್ನು ಒಮ್ಮೆ ಬಿಚ್ಚಿದ ಮೇಲೆ ಸಂಬಂಧ ಕೂಡುವವರೆಗೆ ಮತ್ತೆ ಮಡಿಸುವಂತಿಲ್ಲ. ಮಡಿಸಿದರೆ ಆ ಹುಡುಗಿಯ ಕೈಬಿಟ್ಟ ಹಾಗಂತೆ. ಹೀಗಾಗಿ ನಡುಮನೆಯ ಉದ್ದನೆಯ ಹಲಗೆಯ ಮೇಲೆ ತಾಲ್ಲೂಕಿನ ಹೆಣ್ಣುಮಕ್ಕಳ ಜಾತಕಗಳೆಲ್ಲ ಹಪ್ಪಳ ಒಣಹಾಕಿದಂತೆ ಹರಡಿಕೊಂಡಿರುತ್ತಿದ್ದವು. ಹಾರಿಹೋಗದಿರಲೆಂದು ಒಂದೊಂದರ ಮೇಲೂ ಒಂದೊಂದು ಅಡಕೆ. ನಡುಮನೆಯಲ್ಲಿ ಫ್ಯಾನ್ ಇತ್ತು, ಹಾಕುವಂತಿರಲಿಲ್ಲ. ಬೇಸಿಗೆ ರಜೆಗೆ ಹೋದ ನಾವು ಮಕ್ಕಳು, ಊರ ಹುಡುಗಿಯರಿಗೆಲ್ಲ ಬೇಗ ಮದುವೆಯಾಗಲಪ್ಪ ಎಂದು ಬೆವರು ಸುರಿಸುತ್ತ ಬೇಡಿಕೊಳ್ಳುತ್ತಿದ್ದೆವು. ಸಂಬಂಧ ಕೂಡಿದ ದಿನ ಮಾವ ಆ ಜಾತಕವನ್ನು ಮಡಿಸಿ, ಅದರ ಮೇಲಿದ್ದ ಅಡಕೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಎರಡು ಸಾವಿರದ ಆಸುಪಾಸಿನಲ್ಲಿ ಹಾಸನದ ಬಸ್‌ ನಿಲ್ದಾಣದ ಸುತ್ತ ‘ಕಂಪ್ಯೂಟರ್ ಜಾತಕ’ದ ಅಂಗಡಿಗಳು ತಲೆಯೆತ್ತಿದವು. ಒಂದು ದಿನ ಹರದನಹಳ್ಳಿ ಕಡೆಯ ರೈತರೊಬ್ಬರು, ಮಾವನ ಹಳೆಯ ಗಿರಾಕಿ, ಜಗಲಿಯಲ್ಲಿ ಕೂತು ಮಾತು ತೆಗೆದರು.

“ಐನೋರೆ, ಆಸನದಾಗೆ ನಾವು ಕಾಫಿ ಕುಡ್ದು ಬರೋದ್ರೊಳ್ಗೆ ಜಾತ್ಕ ಅಚ್ಚಾಕಿ ಕೊಟ್ಬುಡ್ತಾರೆ. ನೀವು ಬರ್ದು ಮುಗ್ಸೋ ಒತ್ಗೆ ಐಕ್ಳಿಗೆ ವಯ್ಸೇ ಮೀರೋಯ್ತದೆ ಕಣ್ ಸಾಮಿ.”

ಮಾವನಿಗೆ ಇದು ನಾಟಿತು. ಕಂಪ್ಯೂಟರ್, ಪ್ರಿಂಟರ್, ಯುಪಿಎಸ್, ಕನ್ನಡದಲ್ಲಿ ಜಾತಕ ಬರೆಯುವ ಸಾಫ್ಟ್‌ವೇರ್ ಎಲ್ಲವನ್ನೂ ಹಾಸನದಲ್ಲಿ ಗೊತ್ತುಮಾಡಿ ಬಂದರು. ಜೋಡಿಸಿಕೊಡುವವನು ಒಂದು ಶುಕ್ರವಾರ ಬೆಳಗಿನ ಬಸ್ಸಿಗೆ ಬಂದಿಳಿದ. ವೈರುಗಳನ್ನೆಲ್ಲ ಸಿಕ್ಕಿಸಿ ಸ್ವಿಚ್ಚಿಗೆ ಕೈಹಾಕುವಷ್ಟರಲ್ಲಿ ರಾಹುಕಾಲ ಶುರುವಾಗಿತ್ತು. ಮಾವ ಆ ಕೈ ಹಿಡಿದುಕೊಂಡರು. ರಾಹುಕಾಲ ಮುಗಿದಾಗ ಕರೆಂಟ್ ಇರಲಿಲ್ಲ. ಕರೆಂಟ್ ಬಂದಾಗ ಲಗ್ನ ಸರಿಯಿರಲಿಲ್ಲ. ಅವನು ಉಪ್ಪಿಟ್ಟು ತಿಂದ, ಊಟ ಮಾಡಿದ, ಜಗಲಿಯಲ್ಲಿ ಮಲಗಿ ಎದ್ದ, ಕಾಫಿ ಕುಡಿದ. ಗೋಧೂಳಿ ಲಗ್ನದಲ್ಲಿ ಯಂತ್ರ ಕಣ್ಣು ಬಿಟ್ಟಿತು. ಹೋಗುವಾಗ ಅವನು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದನಂತೆ.

ಇನ್ನು ನನ್ನ ವಿಷಯ. ನಾನು ಹಾಸನದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಶಾಲೆಯವರು ಕಂಪ್ಯೂಟರ್ ತರಬೇತಿಗೆ ಕಳಿಸಿದ್ದರಿಂದ ಆ ಪೆಟ್ಟಿಗೆ ಬಿಚ್ಚಿ ಮುಚ್ಚುವಷ್ಟು ಗೊತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಮ್ಮ ನೆಂಟರಿಷ್ಟರಲ್ಲಿ ನಾನೇ ತಜ್ಞೆ. ವಯಸ್ಸು ಮೂವತ್ತು ದಾಟಿತ್ತು, ಮದುವೆ ಬೇಡವೆಂದು ತೀರ್ಮಾನಿಸಿ ಕೆಲವು ವರ್ಷಗಳಾಗಿದ್ದವು. ಗಂಡಸರ ಮೇಲೆ ಸಿಟ್ಟಿಲ್ಲ, ಹಳೆಯ ಪ್ರೇಮಭಂಗವಿಲ್ಲ, ಹೇಳಿಕೊಳ್ಳಲು ಒಂದು ಕತೆಯೂ ಇಲ್ಲ. ಒಬ್ಬಳೇ ಇರುವುದು ನನಗೆ ಒಗ್ಗಿತ್ತು, ಅಷ್ಟೆ. ಅಮ್ಮ ಅತ್ತು ಸುಮ್ಮನಾದರು, ಅಣ್ಣ ಬೈದು ಸುಮ್ಮನಾದ. ಮಾವನ ಕಿವಿಗೆ ಮಾತ್ರ ಈ ಸುದ್ದಿ ಬೀಳಲೇ ಇಲ್ಲ. ಆಗಾಗ ಒಂದೊಂದು ಗಂಡಿನ ವಿವರ ಹೊತ್ತು ಅವರ ಫೋನ್ ಬರುತ್ತಿತ್ತು. ಆ ಕಂಪ್ಯೂಟರಿನಿಂದ ಅವರಿಗೆ ಬೇಕಾಗಿದ್ದುದು ವೇಗ. ನನಗೆ ಬೇಕಾಗಿದ್ದುದು ಒಂದೇ: ಅದರಲ್ಲಿ ತೆರೆದು ಕೂತಿದ್ದ ನನ್ನ ಜಾತಕವನ್ನು ಅವರು ತಮ್ಮ ಕೈಯಾರೆ ಮುಚ್ಚಬೇಕು.

ಕಂಪ್ಯೂಟರ್ ಮೊದಮೊದಲು ಚೆನ್ನಾಗಿಯೇ ಓಡಿತು. ಆಮೇಲೆ ನಡೆಯಿತು. ಆಮೇಲೆ ತೆವಳಿತು. ಕೊನೆಗೆ, ಇಲ್ಲಿ ಒತ್ತಿದ ಅಕ್ಷರ ಅಲ್ಲಿ ಮೂಡುವಷ್ಟರಲ್ಲಿ ಮಾವ ಒಂದು ಸ್ತೋತ್ರ ಮುಗಿಸುತ್ತಿದ್ದರು. ಕೆಲಸ ಸಿಕ್ಕಿಹಾಕಿಕೊಂಡಾಗ ಪರದೆಯ ಮೇಲೆ ಪುಟ್ಟ ಮರಳು ಗಡಿಯಾರದ ಚಿತ್ರ ಬರುತ್ತಿತ್ತಲ್ಲ, ಅದನ್ನು ಕಂಡರೆ ನಮ್ಮ ನಿಮ್ಮಂಥವರು ಮೌಸನ್ನು ಕುಟ್ಟುತ್ತಿದ್ದೆವು. ಮಾವ ಕೈಮುಗಿದು ಕೂರುತ್ತಿದ್ದರು. ಹಿಂದೆಲ್ಲ ಮದುವೆ ಮನೆಯಲ್ಲಿ ಮುಹೂರ್ತ ಅಳೆಯಲು ನೀರಿನಲ್ಲಿ ಗಳಿಗೆ ಬಟ್ಟಲು ತೇಲಿಬಿಡುತ್ತಿದ್ದರಂತೆ. ಇದೂ ಅದೇ ಎಂದು ಅವರ ಸಿದ್ಧಾಂತ.

“ಗಳಿಗೆ ಬಟ್ಟಲು ತೋರಿಸ್ತಾ ಇದೆ. ಅಂದ್ರೆ ಇನ್ನೂ ಕಾಲ ಕೂಡಿಬಂದಿಲ್ಲ ಅಂತ. ಯಂತ್ರಕ್ಕೇ ಅವಸರ ಇಲ್ಲ, ನಿಮಗೇನು?” ಎಂದು ಕಾದು ಕೂತ ಗಿರಾಕಿಗಳಿಗೇ ಬುದ್ಧಿ ಹೇಳುತ್ತಿದ್ದರು.

ಹರದನಹಳ್ಳಿಯವರು ಮಾತ್ರ ತಡೆಯಲಾರದೆ ಹೇಳಿಯೇಬಿಟ್ಟರು: “ನಮ್ ಎತ್ತು ಮುದಿಯಾದ್ರೂವೆ ಬಾಲ ಮುರುದ್ರೆ ಎಲ್ಡೆಜ್ಜೆ ಆಕ್ತದೆ ಕಣ್ ಸಾಮಿ. ಇದ್ಕೆ ಬಾಲಾನೂ ಇಲ್ವಲ್ಲ.”

ಹೇಳಿದವರು ಮೌಸಿನ ವೈರನ್ನು ಸ್ವಲ್ಪ ಹೊತ್ತು ಅನುಮಾನದಿಂದ ನೋಡಿದರಂತೆ. ಆಮೇಲೆ ಅವರು ಮಗಳ ಜಾತಕಕ್ಕೆ ಹಾಸನದ ಬಸ್ಸು ಹತ್ತಿದರು.

ಗಿರಾಕಿ ಕೈತಪ್ಪಿದ ಮೇಲೆ ನನಗೆ ಫೋನ್ ಬಂತು.

“ಏನೂ ಗಾಬರಿಯಾಗ್ಬೇಡ ಕಣೇ. ಕಂಪ್ಯೂಟರ್ ಜಾತಕ ಬರೆದೆ. ಕೃತ್ತಿಕಾ ನಕ್ಷತ್ರ, ವೃಷಭ ರಾಶಿ. ಶನಿ ಅಲ್ಲೇ ಬಂದು ಕೂತಿದಾನೆ. ಏಳೂವರೆ ಶನಿ.”

“ಏಳೂವರೆ ವರ್ಷ ಅದು ಬಾಳೋದೇ ಇಲ್ಲ ಮಾವ. ಅಷ್ಟರಲ್ಲಿ ಗುಜರಿಗೆ ಹೋಗಿರುತ್ತೆ.”

“ಅದನ್ನೇ ನಾನೂ ಹೇಳ್ತಾ ಇರೋದು. ಆಯುಷ್ಯವೂ ಅಷ್ಟಕ್ಕಷ್ಟೇ ಇದೆ.”

ಭಾನುವಾರ ಹೋದೆ. ಹಿಂದಿನ ದಿನ ಶನಿಶಾಂತಿ ನಡೆದಿತ್ತು. ಕಂಪ್ಯೂಟರಿನ ಪೆಟ್ಟಿಗೆಯ ಹಿಂಭಾಗದಲ್ಲಿ, ಫ್ಯಾನಿಗೆ ಸರಿಯಾಗಿ ಎದುರಾಗಿ, ಎಳ್ಳುಬತ್ತಿ ದೀಪ. ಪೆಟ್ಟಿಗೆಯ ನೆತ್ತಿಯ ಮೇಲೆ ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿಯ ನೈವೇದ್ಯ. ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆಲ್ಲ ಮಸಿ, ಮಸಿಯ ನಡುವೆ ಇರುವೆಗಳ ಸಾಲು. ಚಿಗಳಿಯ ಒಂದೊಂದೇ ಎಳ್ಳನ್ನು ಅವು ಮದರ್‌ಬೋರ್ಡಿನ ಮೂಲೆಗೆ ಸಾಗಿಸಿ ಕಣಜ ಮಾಡಿಕೊಂಡಿದ್ದವು. ನಾನು ಹಣೆ ಚಚ್ಚಿಕೊಂಡೆ. ಮಾವ ಬಗ್ಗಿ ನೋಡಿ ಹಿಗ್ಗಿದರು.

“ನೈವೇದ್ಯ ಸ್ವೀಕಾರ ಆಗಿದೆ” ಎಂದರು.

ಗುಡಿಸಿ, ಒರೆಸಿ, ಜೋಡಿಸಿ ಹಾಕಿದರೂ ಅದು ಆಮೆಯೇ. ಕರೆಂಟ್ ಹಾಕಿದ್ದೇ ತಡ, ಮಾವ ಬೇರೆ ಯಾವ ಕೆಲಸಕ್ಕೂ ಕೈಹಾಕದೆ ಒಂದಾದ ಮೇಲೊಂದರಂತೆ ಏನೇನೋ ತೆರೆಯುತ್ತಲೇ ಹೋದರು. ಪರದೆಯ ಕೆಳಗಿನ ಪಟ್ಟಿಯಲ್ಲಿ, ತೆರೆದ ಒಂದೊಂದು ಫೈಲಿಗೂ ಒಂದೊಂದು ಗುರುತು ಬರುತ್ತದೆ. ಊಟದ ಪಂಕ್ತಿಗೆ ಜನ ಹೆಚ್ಚಾದಾಗ ಒತ್ತಿಕೊಂಡು ಕೂರುವಂತೆ ಅವು ಹೆಸರು ಓದಲೂ ಜಾಗವಿಲ್ಲದೆ ಕೂತವು. ಒಂದೊಂದನ್ನೇ ಒತ್ತಿ ನೋಡಿದೆ. ಬಾಗೂರಿನ ಹುಡುಗಿ. ಗೊರೂರಿನ ನೀರಾವರಿ ಕ್ವಾರ್ಟರ್ಸಿನ ಹುಡುಗಿ. ಚನ್ನರಾಯಪಟ್ಟಣದ ಅಕ್ಕತಂಗಿಯರು. ಹಲಗೆಯ ಮೇಲಿದ್ದವರೆಲ್ಲ ಸಾಲಾಗಿ ಇಲ್ಲಿಗೆ ಬಂದುಬಿಟ್ಟಿದ್ದರು! ಎಲ್ಲರಿಗಿಂತ ಮೊದಲು, ಪಟ್ಟಿಯ ಎಡತುದಿಯಲ್ಲಿ, ನಾನು.

“ಮಾವ, ಇದು ಶನಿ ಅಲ್ಲ. ಇಷ್ಟನ್ನೆಲ್ಲ ಒಟ್ಟಿಗೆ ತೆರೆದಿಟ್ರೆ ಅದು ಉಸಿರಾಡೋದು ಹೇಗೆ? ಮುಚ್ಚಿಬಿಡಿ.”

“ಮುಚ್ಚೋದಾ? ಬಿಡ್ತು ಅನ್ನು.”

“ಮುಚ್ಚಿದ್ರೆ ಏನೂ ಅಳಿಸಿಹೋಗಲ್ಲ. ಬೇಕಾದಾಗ ತೆಗೀಬಹುದು.”

“ಅಳಿಸಿಹೋಗೋ ಮಾತಲ್ಲ ಕಣೇ. ಕೈಯಾರೆ ಮುಚ್ಚೋದು ಅಂದ್ರೇನು? ಇನ್ನು ನಿನ್ನ ಪಾಡು ನೀನು ನೋಡ್ಕೋ ಅಂತ ತಾನೇ?”

“ಕರೆಂಟ್ ಹೋದ್ರೆ ಎಲ್ಲಾ ಮುಚ್ಚಿಹೋಗುತ್ತಲ್ಲ?”

“ಆ ಪಾಪ ಕರೆಂಟಿನವರದು. ಬಂದ ತಕ್ಷಣ ನಾನು ಎಲ್ಲರನ್ನೂ ತೆಗೆದಿಡ್ತೀನಿ.”

ಅಡುಗೆಮನೆಯಿಂದ ಅತ್ತೆ ದನಿಗೂಡಿಸಿದರು: “ಬೆಳಗಿನ ಹೊತ್ತೆಲ್ಲ ಇದೇ ಆಗಿದೆ ಕಣಮ್ಮ. ದೇವರಿಗೆ ಹೂವು ಏರಿಸೋದು ತಡ ಆದ್ರೂ ನಡೆಯುತ್ತೆ, ಈ ಹುಡುಗೀರನ್ನ ಎಬ್ಬಿಸೋದು ತಡ ಆಗೋ ಹಾಗಿಲ್ಲ.”

“ಹೋಗ್ಲಿ, ನನ್ನದೊಂದನ್ನಾದ್ರೂ ಮುಚ್ಚಿ ಮಾವ. ಬೇಡ ಅಂತ ನಾನೇ ಹೇಳ್ತಾ ಇದೀನಲ್ಲ.”

“ನಿನಗೆ ಗುರುಬಲ ಬರ್ತಾ ಇದೆ” ಎಂದು ಎದ್ದುಹೋದರು.

ಮಾವನ ಪಂಚಾಂಗದಲ್ಲಿ ನನಗೆ ಗುರುಬಲ ವರ್ಷವೆಲ್ಲ ಬರುತ್ತಲೇ ಇತ್ತು, ತಲುಪಿದ್ದು ಮಾತ್ರ ಇಲ್ಲ. ನನ್ನ ಜಾತಕವನ್ನು ನಾನೇ ಮುಚ್ಚಬಹುದಿತ್ತು, ಒಂದು ಬೆರಳಿನ ಕೆಲಸ. ಆದರೆ ನಾನು ಮುಚ್ಚಿದರೆ ಅವರು ಮರುದಿನ ಬೆಳಿಗ್ಗೆ ತೆರೆಯುತ್ತಿದ್ದರು. ಬೇರೆ ದಾರಿ ಕಾಣದೆ ಮುಂದಿನ ಸಲ ಇನ್ನೊಂದಿಷ್ಟು ಮೆಮೊರಿ ತಂದು ಸಿಕ್ಕಿಸಿದೆ. ಆಮೆ ಕುದುರೆಯಾಯಿತು. “ಶನಿ ಬಿಟ್ಟ” ಎಂದು ಮಾವ ಬೀದಿಗೆಲ್ಲ ಸಾರಿದರು. ಆ ಸುದ್ದಿ ಕೇಳಿ ಇನ್ನಷ್ಟು ಹೆಣ್ಣು ಹೆತ್ತವರು ಬಂದರು, ಪಟ್ಟಿ ಮತ್ತೆ ತುಂಬಿತು. ದೀಪಾವಳಿಗೆ ಹೋದರೆ ಕುದುರೆ ಹೋಗಿ ಆಮೆಯೇ ಕೂತಿತ್ತು. “ಶನಿ ವಕ್ರಿಯಾಗಿದಾನೆ” ಎಂದರು ಮಾವ, ಏನೂ ಆಗದವರಂತೆ.

ಒಂದು ಸಲ “ಕಂಪ್ಯೂಟರ್ ಪೂರ್ತಿ ನಿಂತೇಹೋಯ್ತು, ಬೇಗ ಬಾ” ಎಂದು ಫೋನ್ ಮಾಡಿದರು. ಓಡಿದೆ. ನಡುಮನೆಯಲ್ಲಿ ಅರಕಲಗೂಡಿನಿಂದ ಬಂದ ತಂದೆ, ತಾಯಿ, ಇಸ್ತ್ರಿ ಮುರಿಯದ ಅಂಗಿಯ ಮಗ. ಎದುರಿಗೆ ಕೇಸರಿಬಾತು. ಹೆಗಲಿನ ಚೀಲದಲ್ಲಿ ಸ್ಕ್ರೂಡ್ರೈವರ್ ಹಾಕಿಕೊಂಡು ತಾನಾಗಿ ನಡೆದುಬಂದ ವಧುವನ್ನು ಅವರು ಅದಕ್ಕೆ ಮೊದಲು ನೋಡಿರಲಾರರು! ಮಾವ ಗತ್ತಿನಿಂದ ಎರಡೂ ಜಾತಕಗಳನ್ನು ಕೂಡಿಸುವ ಗುಂಡಿ ಒತ್ತಿದರು. ಮರಳು ಗಡಿಯಾರ ಬಂತು. ಬಂದದ್ದು ಹೋಗಲಿಲ್ಲ. ಕೇಸರಿಬಾತು ಮುಗಿಯಿತು, ಕಾಫಿ ಮುಗಿಯಿತು, ಮಾತು ಮುಗಿಯಿತು. ಗಂಡಿನ ತಾಯಿ ನನ್ನ ಕಡೆ ತಿರುಗಿದರು.

“ನಿಮಗೆ ಇದನ್ನ ಸರಿ ಮಾಡೋಕೆ ಬರುತ್ತಂತಲ್ಲಮ್ಮ?”

“ಬರುತ್ತೆ. ಆದ್ರೆ ಮಾಡಲ್ಲ” ಎಂದೆ.

ಅವರು ಬಸ್ಸಿನ ಹೊತ್ತಾಯಿತೆಂದು ಎದ್ದರು. ಆ ಯಂತ್ರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ. ಬೈಯುತ್ತಾರೇನೋ ಎಂದುಕೊಂಡರೆ ಮಾವ ಬಾಗಿಲಲ್ಲಿ ನಿಂತು, “ಒಬ್ಬಳೇ ಇರೋಕೆ ಭಯ ಆಗಲ್ವೇನೇ?” ಎಂದು ಕೇಳಿದರು. ಆಗಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಅದಾದ ಕೆಲವು ತಿಂಗಳಿಗೆ ಯುಪಿಎಸ್ಸಿನ ಬ್ಯಾಟರಿ ಸತ್ತಿತು. ಹೊಸದು ತರಲು ಮಾವ ಹಾಸನಕ್ಕೆ ಬಂದರು. ಅಂಗಡಿಯವನು ನಾಳೆ ಬನ್ನಿ ಎಂದದ್ದರಿಂದ, ಎಂದೂ ಉಳಿಯದವರು ನನ್ನ ಬಾಡಿಗೆ ಮನೆಯಲ್ಲಿ ಉಳಿದರು. ನಾನು ಹುರುಳಿಕಾಯಿ ಬಿಡಿಸುತ್ತ ರೇಡಿಯೋ ಜೊತೆ ಹಾಡುತ್ತಿದ್ದೆ, ಅವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಒಂದು ಗಂಟೆ ನಗಾಡಿ ಹೋದಳು, ಅದನ್ನೂ ನೋಡಿದರು. ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಪೇಪರ್ ಓದುತ್ತ ಕೂತಿದ್ದೆ. ಮಾವ ಒಳಗಿನಿಂದ ಬಂದು ಹಿಂದೆ ನಿಂತು ಎಷ್ಟು ಹೊತ್ತಾಗಿತ್ತೋ.

“ನೀನು ಯಾವಾಗ್ಲೂ ಹೀಗೇ ಇರ್ತೀಯೇನೇ?”

“ಹೀಗೆ ಅಂದ್ರೆ?”

“ಹೀಗೇ. ಕಾಲು ಚಾಚ್ಕೊಂಡು, ಆರಾಮಾಗಿ.”

“ಭಾನುವಾರ ಇರ್ತೀನಿ ಮಾವ. ಮಿಕ್ಕ ದಿನ ಸ್ಕೂಲಿಗೆ ಹೋಗ್ಬೇಕಲ್ಲ.”

ಅವರು ತಲೆಯಾಡಿಸಿ ಸ್ನಾನಕ್ಕೆ ಹೋದರು. ಬ್ಯಾಟರಿ ಹಿಡಿದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟರು.

ಮುಂದಿನ ಫೋನಿನಲ್ಲಿ ಶನಿಯ ಸುದ್ದಿಯಿರಲಿಲ್ಲ. “ಒಂದ್ಸಲ ಬಂದು ಹೋಗು” ಎಂದಷ್ಟೇ ಹೇಳಿದರು. ಹುಷಾರಾಗಿಯೇ ಹೋದೆ. ಹೊಸಿಲಲ್ಲಿ ನಿಂತು ನಡುಮನೆಯಲ್ಲಿ ಯಾರಾದರೂ ಹೊಸಬರ ಚಪ್ಪಲಿ, ಕೇಸರಿಬಾತು ಏನಾದರೂ ಇದೆಯೇ ಎಂದು ಬಗ್ಗಿ ನೋಡಿದೆ. ಮಾವ ಒಬ್ಬರೇ ಕಂಪ್ಯೂಟರ್ ಮುಂದೆ ಕೂತಿದ್ದರು. ಪಕ್ಕದ ಮಣೆ ತೋರಿಸಿ ಕೂರಲು ಹೇಳಿದರು. ಪಟ್ಟಿಯ ಎಡತುದಿಯ ಗುರುತನ್ನು ಒತ್ತಿದರು. ನನ್ನ ಜಾತಕ ಮೆಲ್ಲಗೆ ಪರದೆಯ ತುಂಬ ಬಂತು.

“ನಿನ್ನೆದುರಿಗೇ ಆಗ್ಲಿ ಅಂತ ಕರೆಸಿದೆ” ಎಂದು ಹೇಳಿ ಅದನ್ನು ಮುಚ್ಚಿದರು.

ಇಷ್ಟು ವರ್ಷ ನಾನು ಕೇಳುತ್ತ ಬಂದದ್ದು ಅದನ್ನೇ. ಆದರೂ ಎಡತುದಿಯ ಆ ಜಾಗಕ್ಕೆ ಪಕ್ಕದ ಹುಡುಗಿಯ ಗುರುತು ಸರಿದುಕೊಂಡಾಗ, ನಾನು ನನ್ನದನ್ನು ಪಟ್ಟಿಯಲ್ಲಿ ಇನ್ನೊಮ್ಮೆ ಹುಡುಕಿದೆ.

“ಸಂಬಂಧ ಕೂಡಲಿಲ್ಲವಲ್ಲ ಮಾವ” ಎಂದೆ ಕೊನೆಗೆ. “ಪದ್ಧತಿ?”

“ಯಾರೂ ದಿಕ್ಕಿಲ್ಲದವರಾಗ್ಬಾರ್ದು ಅಂತ ನಮ್ಮಪ್ಪ ಮಾಡಿದ ಪದ್ಧತಿ ಅದು. ನೀನು ಹಾಗಿಲ್ಲ. ನಾನೇ ನೋಡ್ಕೊಂಡು ಬಂದ್ನಲ್ಲ.”

ಮುಖವನ್ನು ಪರದೆಯ ಕಡೆಗೇ ತಿರುಗಿಸಿಕೊಂಡು, “ಹಾಗಾದ್ರೆ ಉಳಿದವನ್ನೂ ಮುಚ್ಚಿಬಿಡಿ, ಕಂಪ್ಯೂಟರ್ ಓಡುತ್ತೆ” ಎಂದೆ.

“ಅವರು ಯಾರೂ ಬೇಡ ಅಂದಿಲ್ವಲ್ಲೇ. ನೀನೊಬ್ಬಳು ಅಂದೆ. ನನಗೆ ಕೇಳಿಸೋಕೆ ಇಷ್ಟು ವರ್ಷ ಬೇಕಾಯ್ತು. ತಪ್ಪು ತಿಳ್ಕೋಬೇಡ.”

ಕಂಪ್ಯೂಟರ್ ಅವತ್ತೂ ನಿಧಾನವಾಗಿಯೇ ಇತ್ತು. ಅದರ ಮುಂದೆ ನಾವಿಬ್ಬರೂ ಬಹಳ ಹೊತ್ತು ಕೂತಿದ್ದೆವು. ನನಗೂ ಎದ್ದುಹೋಗುವ ಅವಸರವೇನೂ ಇರಲಿಲ್ಲ.