ಒಳಗೆ ಸುಲ್ತಾನರಿಗೆ ಮೈ ಸರಿಯಿಲ್ಲ

ನಮ್ಮ ಅತ್ತಿಗೆ ಕುವೈತಿನ ಅಬು ಹಲೀಫಾದ ಫ್ಲ್ಯಾಟಿನಲ್ಲಿ ನಮ್ಮೊಂದಿಗೆ ವಾಸವಾಗಿದ್ದರು ಎನ್ನುವುದು ಶುದ್ಧ ಸುಳ್ಳು! ಅಲ್ಲಿ ವಾಸಕ್ಕೆ ಪರ್ಮಿಟ್ ಆದ ಇಕಾಮಾ ಕಾರ್ಡಿನಲ್ಲಿ ಹಾಗಿತ್ತು, ಅಷ್ಟೆ. ಅವರ ನಿಜವಾದ ಅಡ್ರೆಸ್ ಹದಿಮೂರನೇ ಶತಮಾನದ ಕೈರೋ ಅರಮನೆ.

ನನ್ನ ಗಂಡನ ಅಕ್ಕ. ಮದುವೆಯಾಗದ ಹಿಸ್ಟರಿ ಟೀಚರ್. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಇಂಗ್ಲೆಂಡಿನ ರಾಣಿಯರನ್ನೆಲ್ಲ ಬೈಹಾರ್ಟ್ ಮಾಡಿಸಿದ್ದರು. ಅತ್ತಿಗೆಗೆ ಅವರ್ಯಾರೂ ಲೆಕ್ಕಕ್ಕಿಲ್ಲ. ಅವರಿಗಿದ್ದವಳು ಒಬ್ಬಳೇ ರಾಣಿ: ಗುಲಾಮಳಾಗಿ ಬಂದು ಈಜಿಪ್ಟಿನ ಸುಲ್ತಾನನ ಕೈಹಿಡಿದವಳು. ಹೆಸರಿನ ಅರ್ಥ ಮುತ್ತಿನ ಮರವಂತೆ. ಹುರುಳಿಕಾಯಿ ಹೆಚ್ಚುತ್ತಾ, ಪಕ್ಕದ ಮನೆಯವಳ ಸುದ್ದಿಯೆಂಬಂತೆ ಹೇಳುತ್ತಿದ್ದರು:

"ಯುದ್ಧದ ಮಧ್ಯೆ ಗಂಡ ಡೇರೇಲೇ ಹೋಗ್ಬಿಟ್ಟ ಕಣೆ. ಅತ್ತಳಾ? ಇಲ್ಲ! ಸುಲ್ತಾನರಿಗೆ ಮೈ ಸರಿಯಿಲ್ಲ ಅಂದ್ಳು. ಹೊತ್ತುಹೊತ್ತಿಗೆ ಊಟದ ತಟ್ಟೆ ಒಳಗೆ, ಸಹಿ ಮಾಡಿದ ಆಜ್ಞೆ ಹೊರಗೆ. ಮಲಮಗ ಬಂದೋನು ಇವಳಿಗೇ ತಿರುಗಿಬಿದ್ದ. ಸೈನ್ಯದೋರು ಅವನನ್ನ ಮುಗಿಸಿ ಇವಳನ್ನೇ ಪಟ್ಟಕ್ಕೆ ಕೂರಿಸಿದ್ರು!"

"ಕೊನೆಗೇನಾದ್ಳು ಅಕ್ಕ?" ಎಂದು ನನ್ನ ಗಂಡ ಕೆಣಕುತ್ತಿದ್ದರು.

"ಇನ್ನೊಂದು ಮದುವೆ ಆದ್ಳು, ಅಲ್ಲಿದ್ದ ಸವತಿ ಮರದ ಚಪ್ಪಲೀಲಿ ಹೊಡೆಸಿ ಕೊಲ್ಲಿಸಿದ್ಳು. ಅದಕ್ಕೇ ನಾನು ಸವತಿ ಇರೋ ಕಡೆ ಮದುವೆನೇ ಆಗ್ಲಿಲ್ಲ!"

"ಇಲ್ಲದಿರೋ ಕಡೆ?"

"ನೀನು ಸುಮ್ನಿರೋ!"

ಪಕ್ಕದೂರು ಅಹ್ಮದಿಯ ಒಂದು ಡಿನ್ನರ್ ಪಾರ್ಟಿಯಲ್ಲಿ ಇಂಜಿನಿಯರರ ಹೆಂಡತಿಯೊಬ್ಬರನ್ನು, ಪಾಯಸ ಬಡಿಸುತ್ತಿರುವಾಗಲೇ, "ನಿಮ್ಮ ಯಜಮಾನರು ಹೋಗ್ಬಿಟ್ರೆ ಎಷ್ಟು ದಿನ ಮುಚ್ಚಿಡಬಲ್ಲಿರಿ?" ಎಂದು ಕೇಳಿದ್ದರು. ಯಜಮಾನರು ಪಾಯಸವನ್ನು ಅಲ್ಲೇ ಬಿಟ್ಟರು. ಆಮೇಲೆ ನಮ್ಮನ್ನು ಯಾರು ಕರೆಯುತ್ತಾರೆ?

ತೊಂಬತ್ತರ ಆಗಸ್ಟ್ ಬಂತು. ನನ್ನ ಗಂಡ ರಜೆಗೆಂದು ಮೈಸೂರಿಗೆ ಹೋಗಿದ್ದಾಗಲೇ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಫೋನ್ ಡೆಡ್. ನಮ್ಮವರೆಲ್ಲ ಬಸ್ಸು ಹತ್ತಿ ಜೋರ್ಡಾನಿನ ಅಮ್ಮಾನಿನ ದಾರಿ ಹಿಡಿದರು. ನಮ್ಮ ಮಗಳ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್. ಅದು ತೆಗೆಯುವವರೆಗೆ ಆ ಮರಳುಗಾಡಿನ ಪ್ರಯಾಣ ಸಾಧ್ಯವಿರಲಿಲ್ಲ. ಖಾಲಿಯಾಗುತ್ತಿದ್ದ ಬಿಲ್ಡಿಂಗಿನಲ್ಲಿ ನಾವು ಮೂವರು ಹೆಂಗಸರು. ಗಂಡಸಿಲ್ಲದ ಮನೆಯೆಂದು ತಿಳಿದರೆ ಸೈನಿಕರು ಒಳನುಗ್ಗುತ್ತಾರೆಂಬ ಭಯದಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಅತ್ತಿಗೆಗೆ? ಹಬ್ಬ! ಏಳುನೂರು ಚಿಲ್ಲರೆ ವರ್ಷ ಕಾದಿದ್ದ ಛಾನ್ಸು!

ತಮ್ಮನ ಸೇಫ್ಟಿ ಶೂ ಬಾಗಿಲ ಹೊರಗೆ ಬಂತು. ಅವರ ಅಂಗಿಯನ್ನು ದಿನವೂ ನೆನೆಸಿ ಬಾಲ್ಕನಿಯಲ್ಲಿ ಒಣಹಾಕಿದ್ದೇ ಹಾಕಿದ್ದು. ಮಧ್ಯಾಹ್ನ ತಟ್ಟೆ ಹಿಡಿದು ಬೆಡ್‌ರೂಮಿನ ಮುಂದೆ, "ಏಳೋ, ಸಾರು ಆರತ್ತೆ!" ಎಂದು ಇಡೀ ಮೆಟ್ಟಿಲಿಗೆ ಕೇಳುವಂತೆ ಕೂಗು.

"ಅತ್ತಿಗೆ, ಅವರು ಮೈಸೂರಲ್ಲಿದ್ದಾರೆ!"

"ಶ್! ಸುಲ್ತಾನರಿಗೆ ಮೈ ಸರಿಯಿಲ್ಲ."

ಸ್ವಲ್ಪ ಹೊತ್ತಿಗೆ ಖಾಲಿ ತಟ್ಟೆಯೊಂದಿಗೆ ಬಾಯಿ ಒರೆಸಿಕೊಳ್ಳುತ್ತಾ ಹೊರಬರುತ್ತಿದ್ದರು. "ಇವತ್ತು ಎರಡನೇ ಸಲ ಬಡಿಸಿಕೊಂಡ್ರು. ಚೇತರಿಸ್ಕೊತಿದಾರೆ!"

ಒಂದು ಮಧ್ಯಾಹ್ನ ಯಾರೋ ಬಾಗಿಲನ್ನು ದಡದಡ ಬಡಿದರು. ಅತ್ತಿಗೆ ತಟ್ಟೆ ಹಿಡಿದೇ ತೆರೆದರು. ಇಬ್ಬರು ಸೈನಿಕರು, ಮೀಸೆಯವನು ಅರಬ್ಬಿಯಲ್ಲಿ ಮನೆಯ ಯಜಮಾನ ಎಲ್ಲಿ ಎಂದು ಗದರಿಸಿದ. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಮಗಳು ಮಲಗಿದ್ದದ್ದು ಅದೇ ಬೆಡ್‌ರೂಮಿನಲ್ಲಿ.

ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟರು. "ಮರೀದ್!" ಕಾಯಿಲೆ ಎಂದು. ಮುಂದಿನದೆಲ್ಲ ಕ್ಲಾಸ್‌ರೂಮ್ ಇಂಗ್ಲಿಷಿನಲ್ಲಿ, ಅದು ಮುಗಿದಾಗ ಮೈಸೂರು ಕನ್ನಡದಲ್ಲಿ. "ಕಾಯಿಲೆ ಮನುಷ್ಯ ಮಲಗಿರೋ ಮನೇಲಿ ಹೀಗಾ ಬಾಗಿಲು ಬಡಿಯೋದು? ತಗೋ, ನೀನೇ ಹೋಗಿ ತಿನ್ನಿಸು! ಆಮೇಲೆ ನಿನಗೂ ಅಂಟಿದ್ರೆ ನನ್ನನ್ನ ಕೇಳಬೇಡ!" ಎಂದು ತಟ್ಟೆಯನ್ನು ಅವನ ಕೈಗೇ ತುರುಕಿದರು.

ಅವನು ಮುಚ್ಚಿದ ಬಾಗಿಲು ನೋಡಿದ. ಹೊಗೆಯಾಡುವ ಅನ್ನ ಸಾರು ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತು, ಸಂಗಡಿಗನೊಂದಿಗೆ ಹಂಚಿಕೊಂಡು, ಖಾರಕ್ಕೆ ಕಣ್ಣೀರು ಸುರಿಸುತ್ತಾ ಸುಲ್ತಾನರ ಊಟವನ್ನು ಪೂರ್ತಿ ಮುಗಿಸಿದ! ಹೋಗುವಾಗ "ಶುಕ್ರನ್, ಯುಮ್ಮಾ" ಎಂದ. ಥ್ಯಾಂಕ್ಸ್, ತಾಯಿ ಎಂದರ್ಥ. ಬಾಗಿಲು ಹಾಕಿದ ಅತ್ತಿಗೆ, "ಪಾಪ, ಇವರ ಸುಲ್ತಾನ ಸರಿಯಾಗಿ ಊಟ ಹಾಕ್ತಿಲ್ಲ ಕಣೆ" ಎಂದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ನಾವೂ ಅಮ್ಮಾನ್ ಸೇರಿದೆವು. ಅಲ್ಲಿಯ ಕ್ಯಾಂಪಿನಲ್ಲಿ ಅತ್ತಿಗೆಯ ಸ್ಕೂಲಿನ ಟೀಚರೊಬ್ಬರು ಸಿಕ್ಕಿ ನನ್ನನ್ನು ಕೇಳಿದರು: "ಮೊದಲನೇ ಬಸ್ಸಲ್ಲೇ ಅವರಿಗೆ ಸೀಟಿತ್ತಲ್ಲ, ಯಾಕೆ ಬರಲಿಲ್ಲ?"

ನನಗೆ ಸೀಟಿನ ಸುದ್ದಿಯೇ ಗೊತ್ತಿರಲಿಲ್ಲ. ಅತ್ತಿಗೆ ಡೇರೆಯ ನೆರಳಲ್ಲಿ ಮಗಳ ಸೊರಗಿದ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

"ಯಾಕೆ ಹೇಳಲಿಲ್ಲ ಅತ್ತಿಗೆ?"

ತಲೆಯೆತ್ತದೆ ಹೇಳಿದರು: "ಹೇಳಿದ್ರೆ ನೀನು 'ಹೋಗಿ' ಅಂತಿದ್ದೆ. ನನಗೂ ತುಂಬಾ ಹೆದರಿಕೆ ಆಗಿತ್ತು ಕಣೆ... ಹೋಗಿಬಿಡ್ತಿದ್ದೆ."